ಕಾಜಾ ಅಜ್ಜಿಯ ಮಗ್ಗುಲು ಪಟ್ಟಿ

ನನಗೆ ಕೋಪ ಮೂಗಿನ ತುದಿಯಲ್ಲಿ ಎನ್ನುತ್ತಾರೆ. ಅದು ಸುಳ್ಳು. ಅಲ್ಲಿಯವರೆಗೆ ಹತ್ತಿ ಹೋಗಲು ಅದಕ್ಕೆ ಪುರುಸೊತ್ತೆಲ್ಲಿದೆ, ನಾಲಿಗೆಯ ಮೇಲೇ ಕೂತಿರುತ್ತದೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ಮೇಲೆ ಒಂದು ಧರ್ಮಾರ್ಥ ಟ್ರಸ್ಟಿಗೆ ಸೇರಿಕೊಂಡೆ. ಅವರ ವ್ಯಾನಿನಲ್ಲಿ ಬೀದಿ ಬೀದಿ ಸುತ್ತಿ, ನೋಡಿಕೊಳ್ಳುವವರಿಲ್ಲದ ಮುದುಕ ಮುದುಕಿಯರ ಗಾಯ ತೊಳೆಯುವುದು, ಸಕ್ಕರೆ ನೋಡುವುದು, ಮಾತ್ರೆ ಕೊಡುವುದು ನನ್ನ ಕೆಲಸ. ಟ್ರಸ್ಟಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಸಿಡುಕು ಸಿಸ್ಟರ್ ಎಂದು ಕರೆಯುತ್ತಾರೆ. ಎದುರಿಗೆ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಕಾಜಾ ಅಜ್ಜಿಯನ್ನು ನಾನು ಮೊದಲು ನೋಡಿದ್ದು ದರ್ಜಿಗಳ ಗಲ್ಲಿಯಲ್ಲಿ. ಆ ಗಲ್ಲಿಯಲ್ಲಿ ಮನೆಯೂ ಅಂಗಡಿಯೂ ಒಂದೇ. ಬಾಗಿಲಿಗೊಂದು ಹೊಲಿಗೆ ಮಿಷನ್ನು, ಕಾಲಿಟ್ಟಲ್ಲೆಲ್ಲ ಬಟ್ಟೆಯ ಚೂರು. ಅಜ್ಜಿ ನಲವತ್ತು ವರ್ಷ ಇಡೀ ಗಲ್ಲಿಯ ಅಂಗಿ, ಕೋಟುಗಳಿಗೆ ಕೈಯಲ್ಲೇ ಕಾಜಾ ಹಾಕಿದವಳು. ಗುಂಡಿ ತೂರುವ ಆ ಚಿಕ್ಕ ಸೀಳನ್ನು ಅವಳಷ್ಟು ನೀಟಾಗಿ ಹೊಲಿಯುವವರು ಸುತ್ತಮುತ್ತ ಇರಲಿಲ್ಲವಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಒಂದೇ ಕೋಣೆಯ ಮನೆ. ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಅಂಗಾತ ಮಲಗಿದ್ದರಿಂದ ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಹಾಸಿಗೆ ಹುಣ್ಣಾಗಿತ್ತು. ಅಂಗೈ ಅಗಲ, ಹೆಬ್ಬೆರಳು ಇಳಿಯುವಷ್ಟು ಆಳ. ಅದನ್ನು ಹೊತ್ತುಕೊಂಡೇ ಅವಳು ಮನೆಗೆ ಬಂದಿದ್ದಳು.

ಅವತ್ತು ಗಲ್ಲಿಯವರನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು ನಾನು ಹೇಳಿದ್ದೆ. "ನೋಡಿ, ಈ ಹುಣ್ಣಿಗೆ ದೊಡ್ಡ ಔಷಧಿ ಅಂತ ಏನೂ ಇಲ್ಲ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು. ಹಗಲು ರಾತ್ರಿ. ದಿನಕ್ಕೆ ಹನ್ನೆರಡು ಸಲ. ಒಂದು ಸಲ ತಪ್ಪಿದ್ರೂ ಹುಣ್ಣು ಹಿಂದಕ್ಕೆ ಹೋಗುತ್ತೆ. ಆಗುತ್ತಾ ನಿಮ್ಮ ಕೈಲಿ?"

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೊದಲ ವಾರ ನಾ ಮುಂದು ತಾ ಮುಂದು, ಎರಡನೇ ವಾರ ಒಬ್ಬರ ಮುಖ ಒಬ್ಬರು ನೋಡುವುದು, ಮೂರನೇ ವಾರ ಎಲ್ಲರಿಗೂ ಊರೂರಲ್ಲಿ ಕೆಲಸ. ಹಾಗಾಗಿ ಆರು ವಾರದ ಗಡುವು ಹಾಕಿದೆ. ಅಷ್ಟರಲ್ಲಿ ಹುಣ್ಣು ಮುಚ್ಚುವ ದಾರಿ ಹಿಡಿಯದಿದ್ದರೆ ಅಜ್ಜಿಯನ್ನು ಟ್ರಸ್ಟಿನ ಆರೈಕೆ ಕೇಂದ್ರಕ್ಕೆ ಸಾಗಿಸಬೇಕು. ಅದು ವ್ಯಾನಿನಲ್ಲಿ ಮೂರು ಗಂಟೆಯ ದಾರಿ. ಕೆಟ್ಟ ಜಾಗವೇನಲ್ಲ, ಚೊಕ್ಕಟವಾಗಿದೆ, ಒಂದು ಕಾಸೂ ಕೊಡಬೇಕಿಲ್ಲ. ಆದರೆ ಅಲ್ಲಿಗೆ ಹೋದವರು ಹಿಂತಿರುಗಿದ್ದನ್ನು ನಾನು ಕಂಡಿಲ್ಲ. ಅಜ್ಜಿಗೂ ಅದು ಗೊತ್ತಿತ್ತು. ಕೇಂದ್ರ ಎಂಬ ಮಾತು ನನ್ನ ಬಾಯಿಂದ ಬಿದ್ದೊಡನೆ ಅವಳ ಬಲಗೈ ಮಂಚದ ಸರಳನ್ನು ಹಿಡಿದುಕೊಂಡಿತು. ನಾವು ಹೊರಡುವವರೆಗೂ ಬಿಡಲಿಲ್ಲ.

ಗೋಡೆಗೆ ಮಗ್ಗುಲು ಪಟ್ಟಿ ಅಂಟಿಸಿ ಬಂದೆ. ವಾರಕ್ಕೊಂದು ಹಾಳೆ. ಏಳು ದಿನ, ದಿನಕ್ಕೆ ಹನ್ನೆರಡು ಚೌಕ. ಆಮೇಲೆ ನನಗೆ ಬೇರೆ ದಾರಿಯ ಮನೆಗಳು ಬಂದವು. ವಾರಕ್ಕೆರಡು ಸಲ ಬ್ಯಾಂಡೇಜು ಬದಲಿಸಿ, ಸೋಮವಾರ ಹಳೆಯ ಹಾಳೆ ತಂದು ಹೊಸದು ಅಂಟಿಸುವ ಕೆಲಸ ಒಬ್ಬ ಚಿಕ್ಕ ನರ್ಸಿನ ಪಾಲಿಗೆ ಹೋಯಿತು. ಅವಳು ಪ್ರತಿ ವಾರವೂ ಸುಧಾರಣೆ ಇದೆ ಎಂದು ಬರೆಯುತ್ತಿದ್ದಳು. ಅವಳು ಸತ್ತವರಿಗೂ ಸುಧಾರಣೆ ಇದೆ ಎಂದು ಬರೆಯುವ ಪೈಕಿ, ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಆರನೇ ವಾರದ ಗುರುವಾರ, ಮಧ್ಯಾಹ್ನ ಒಂದೂವರೆಗೆ, ತೀರ್ಮಾನ ಮಾಡಲು ನಾನೇ ಹೋದೆ. ಬಾಗಿಲು ತೆರೆದವಳು ಪಕ್ಕದ ಮನೆಯ ಓವರ್‌ಲಾಕ್ ಅಕ್ಕ. ಬಟ್ಟೆಯ ಅಂಚಿನ ನೂಲು ಬಿಡದಂತೆ ಓವರ್‌ಲಾಕ್ ಹೊಡೆಯುವವಳಾದ್ದರಿಂದ ಆ ಹೆಸರು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನ ಕಣ್ಣು ಮೊದಲು ಹೋಗಿದ್ದು ಪಟ್ಟಿಯ ಮೇಲೆ.

ಪಟ್ಟಿ ಪೂರ್ತಿ ತುಂಬಿತ್ತು. ಸೋಮವಾರ, ಮಂಗಳವಾರ, ಬುಧವಾರ, ಇವತ್ತಿನ ಗುರುವಾರ. ಸರಿ, ಆಮೇಲೆ? ಶುಕ್ರವಾರವೂ ತುಂಬಿತ್ತು, ಶನಿವಾರವೂ ತುಂಬಿತ್ತು. ಭಾನುವಾರ ರಾತ್ರಿ ಹನ್ನೆರಡರ ಚೌಕದಲ್ಲೂ ಯಾರೋ ಗುರುತು ಹಾಕಿ ಮುಗಿಸಿದ್ದರು.

ನನ್ನ ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು? ಇವತ್ತು ಯಾವ ವಾರ?"

"ಗುರುವಾರ ಸಿಸ್ಟರ್."

"ಭಾನುವಾರದವರೆಗೂ ಹಾಕಿಟ್ಟಿದ್ದೀರಲ್ಲ, ಕಾಲಜ್ಞಾನ ಏನಾದ್ರೂ ಬರುತ್ತಾ ನಿಮಗೆ?"

ಅವಳಿಗೆ ನನ್ನ ಕೋಪದ ಬುಡವೇ ಸಿಗಲಿಲ್ಲ. "ಹೂಂ ಸಿಸ್ಟರ್, ಹಾಕಿದೀವಿ. ಮುಂದಿನ ವಾರದ್ದೂ ಹಾಕೋಣ ಅಂತ ಇದ್ವಿ, ಹಾಳೆ ಇರ್ಲಿಲ್ಲ" ಎಂದಳು. ತಪ್ಪು ಮಾಡಿದ ಮುಖವಲ್ಲ ಅದು. ಹಾಳೆ ಯಾಕೆ ಕೊಟ್ಟಿಲ್ಲ ಎಂದು ನನ್ನನ್ನೇ ಕೇಳುವ ಮುಖ!

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಬರೀ ಹುಚ್ಚು ಎನಿಸುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಲವತ್ತು ಹಾಸಿಗೆಯ ವಾರ್ಡಿಗೆ ಇಬ್ಬರೇ ನರ್ಸುಗಳಿದ್ದ ದಿನಗಳಲ್ಲಿ, ಒಬ್ಬ ತಾತನ ಪಟ್ಟಿಯಲ್ಲಿ ನಾನು ಸಾಲಾಗಿ ಟಿಕ್ ಹಾಕುತ್ತ ಹೋಗಿದ್ದೆ. ಮಗ್ಗುಲು ಮಾತ್ರ ಬದಲಿಸಿರಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಈಗಲೂ ಹೇಳಬಹುದು. ಮೂರನೇ ವಾರ ಹೊದಿಕೆ ಎತ್ತಿ ನೋಡಿದರೆ ಮೂಳೆ ಕಾಣಿಸುತ್ತಿತ್ತು. ಪಟ್ಟಿ ಮಾತ್ರ ಲಕ್ಷಣವಾಗಿ ತುಂಬಿತ್ತು. ಆ ತಾತ ಉಳಿಯಲಿಲ್ಲ. ಅಂದಿನಿಂದ ಮಾಡದ ಕೆಲಸಕ್ಕೆ ಮಾಡಿದೆನೆಂದು ಗುರುತು ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಲ್ಲೇ ನಿಂತು ಟ್ರಸ್ಟಿನ ಡಾಕ್ಟರಿಗೆ ಫೋನು ಮಾಡಿದೆ. "ಸರ್, ಇವರು ಪಟ್ಟಿಯನ್ನ ಸುಳ್ಳು ಸುಳ್ಳೇ ತುಂಬ್ತಿದಾರೆ. ಇವರನ್ನ ನಂಬಿದ್ರೆ ಅಜ್ಜಿ ಕೊಳೆತು ಹೋಗ್ತಾರೆ. ಇವತ್ತೇ ಗಾಡಿ ಕಳಿಸಿ."

"ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಆಗಿದೆ. ನಾನೇ ಗಾಡಿ ಜೊತೆ ಬರ್ತೀನಿ. ನಾಲ್ಕು ಗಂಟೆಗೆ ರೆಡಿ ಮಾಡಿಸಿ" ಎಂದರು ಡಾಕ್ಟರು.

ಓವರ್‌ಲಾಕ್ ಅಕ್ಕನ ಮುಖ ಬಿಳಿಚಿಕೊಂಡಿತು. ಹೊರಗೆ ಓಡಿದಳು. ಅಜ್ಜಿಯ ಬಲಗೈ ಹೊದಿಕೆಯ ಕೆಳಗಿನಿಂದ ಹೊರಬಂದು ಮಂಚದ ಸರಳನ್ನು ತಡಕಿತು.

ಸಾಗಿಸುವ ಮೊದಲು ಗಾಯದ ಅಳತೆ ಬರೆಯುವುದು ನಿಯಮ. ಕೈ ತೊಳೆದು ಗ್ಲೌಸು ಹಾಕಿಕೊಂಡೆ. ಉಸಿರು ಬಿಗಿಹಿಡಿದು ಬ್ಯಾಂಡೇಜು ಬಿಚ್ಚಿದೆ, ಯಾಕೆಂದರೆ ಇಂಥ ಹುಣ್ಣಿನ ವಾಸನೆ ನನಗೆ ಗೊತ್ತು. ಒಳಗೆ ಏನಿರುತ್ತದೆಂದೂ ಗೊತ್ತು.

ವಾಸನೆ ಇರಲಿಲ್ಲ. ಅಂಗೈ ಅಗಲದ ಹುಣ್ಣು ಹಣೆಯ ಬೊಟ್ಟಿನಷ್ಟಾಗಿತ್ತು. ಆಳವೆಲ್ಲ ತುಂಬಿಕೊಂಡು ಕೆಂಪನೆಯ ಹೊಸ ಮಾಂಸ ಹೊಳೆಯುತ್ತಿತ್ತು, ಸುತ್ತಲೂ ತೆಳ್ಳನೆಯ ಗುಲಾಬಿ ಚರ್ಮ ಒಳಕ್ಕೆ ಹಬ್ಬುತ್ತಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹಿಮ್ಮಡಿ ನೋಡಿದೆ, ಮಂಡಿ, ಭುಜ, ಕಿವಿಯ ಹಿಂಭಾಗ ನೋಡಿದೆ. ಎಲ್ಲಿಯೂ ಒಂದು ಕೆಂಪು ಚುಕ್ಕೆಯಿಲ್ಲ. ಮೂವತ್ತೊಂದು ವರ್ಷದಲ್ಲಿ ಆರು ವಾರಕ್ಕೆ ಹೀಗೆ ಮಾಯ್ದ ಹುಣ್ಣನ್ನು ನಾನು ಕಂಡಿರಲಿಲ್ಲ. ಹಣವಿದ್ದವರ ಮನೆಯಲ್ಲೂ, ಇಬ್ಬಿಬ್ಬರು ನರ್ಸುಗಳನ್ನಿಟ್ಟುಕೊಂಡವರ ಮನೆಯಲ್ಲೂ ಕಂಡಿರಲಿಲ್ಲ. ಅಬ್ಬಾ ಎಂದು ಬಾಯಿಂದ ತಾನಾಗಿ ಬಂತು. ಅಜ್ಜಿ ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದಳು.

ಗಾಯ ತೊಳೆದು ಮುಚ್ಚುವಷ್ಟರಲ್ಲಿ ಹೊರಗೆ ಕತ್ತರಿಯ ಸದ್ದು, ಇಸ್ತ್ರಿಪೆಟ್ಟಿಗೆಯ ಸದ್ದು ಟಕ್ಕೆಂದು ನಿಂತವು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ.

ಕುತ್ತಿಗೆಗೆ ಟೇಪು ಹಾಕಿಕೊಂಡ ಕಟಿಂಗ್ ಮಾಸ್ತರು ಬಂದರು, ಅವರ ಹಿಂದೆ ತೊಯ್ದ ಬನಿಯನ್ನಿನಲ್ಲಿ ಇಸ್ತ್ರಿಯವನು. ಗಾಡಿ ಬರುವ ಸುದ್ದಿ ಅಕ್ಕ ಅವರಿಗೆ ಮುಟ್ಟಿಸಿದ್ದಳು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಮೊದಲು ಕೆಲಸ. ಇಬ್ಬರೂ ಸೋಪು ಹಚ್ಚಿ ಮೊಣಕೈಯವರೆಗೆ ಕೈ ತೊಳೆದರು.

"ಅಜ್ಜೀ, ಈ ಕಡೆ ತಿರುಗೋಣ್ವಾ? ಗೋಡೆ ನೋಡಿ ನೋಡಿ ಬೇಜಾರಾಗಿರುತ್ತೆ" ಎಂದರು ಮಾಸ್ತರು.

ಅವಳ ಕೆಳಗಿದ್ದ ಬಟ್ಟೆಯನ್ನು ನಾನು ಆಗ ಗಮನಿಸಿದೆ. ಮಾಸ್ತರೇ ಕತ್ತರಿಸಿ ಹೊಲಿದದ್ದು. ಮಧ್ಯೆ ಒಂದು ಹೊಲಿಗೆಯಿಲ್ಲ, ನಾಲ್ಕು ಮೂಲೆಯಲ್ಲಿ ಕೈ ತೂರಿಸುವ ಹಿಡಿಕೆ. ಇಬ್ಬರೂ ಹಿಡಿಕೆ ಹಿಡಿದು, ಒಂದು, ಎರಡು ಎಂದು ಎತ್ತಿ ಸರಿಸಿ ಹೊರಳಿಸಿದರು. ಎಳೆಯಲಿಲ್ಲ, ಉಜ್ಜಲಿಲ್ಲ. ನನ್ನ ಕೈಕೆಳಗೆ ಕಲಿತ ಎಷ್ಟೋ ನರ್ಸುಗಳಿಗೆ ಹಾಗೆ ಮಾಡಲು ಬರುವುದಿಲ್ಲ. ಬೆನ್ನಿಗೆ ಒತ್ತು ಕೊಡಲು ಓರೆಯಾಗಿ ಕತ್ತರಿಸಿದ ದಿಂಬು, ಒಳಗೆಲ್ಲ ಬಟ್ಟೆ ಚೂರು.

"ಈ ಓರೆ ಹೇಗೆ ಸಿಕ್ಕಿತು ನಿಮಗೆ?" ಎಂದು ಕೇಳಿದೆ.

"ಅವತ್ತು ನೀವು ಕೈ ಇಟ್ಟು ಇಷ್ಟೇ ವಾಲಿಸ್ಬೇಕು ಅಂತ ತೋರಿಸಿದ್ರಲ್ಲ ಸಿಸ್ಟರ್, ಕಣ್ಣಲ್ಲೇ ಅಳತೆ ತಗೊಂಡೆ" ಎಂದರು ಮಾಸ್ತರು. "ಮೂರು ಸಲ ಕಟ್ ಮಾಡಿ ಬಿಸಾಕಿದೆ. ನಾಲ್ಕನೇದು ಕೂತ್ಕೊಂಡ್ತು."

ಹಿಮ್ಮಡಿಯ ಕೆಳಗೆ, ಮೊಣಕೈಯ ಕೆಳಗೆ ಕೋಟಿನ ಭುಜಕ್ಕೆ ಹಾಕುವ ಪ್ಯಾಡುಗಳು. ಅಜ್ಜಿಯ ನಿಲುವಂಗಿಗೆ ಬೆನ್ನಲ್ಲಿ ಹೊಲಿಗೆಯೇ ಇಲ್ಲ, ಗುಂಡಿಗಳೆಲ್ಲ ಭುಜದ ಮೇಲೆ. ಇಸ್ತ್ರಿಯವನು ಬಗ್ಗಿ ಹಾಸಿಗೆಯ ಮೇಲೆಲ್ಲ ಮುಂಗೈ ಆಡಿಸಿದ. ಕೂದಲೆಳೆಯಷ್ಟು ಸುಕ್ಕು ಸಿಕ್ಕಿರಬೇಕು, ತೀಡಿ ತೀಡಿ ಹೋಗಲಾಡಿಸಿದ.

"ಬೆಳಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಇಸ್ತ್ರಿ ಹಾಕಿದ್ದೇ ಹಾಸೋದು" ಎಂದ. "ಬಟ್ಟೆ ಮೇಲೆ ಸುಕ್ಕು ಬಂದ್ರೇನೇ ನಮಗೆ ನಿದ್ದೆ ಬರಲ್ಲ ಸಿಸ್ಟರ್. ಇನ್ನು ಅಜ್ಜಿ ಮೈ ಕೆಳಗೆ ಬಿಡ್ತೀವಾ?"

ಅಜ್ಜಿ ಬಲಗೈ ಚಾಚಿದಳು. ಮಾಸ್ತರು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಹೊಸ ಅಂಗಿಯನ್ನು ಅವಳಿಗೆ ಕೊಟ್ಟರು. ಅವಳು ಕಾಜಾಗಳ ಮೇಲೆ ಹೆಬ್ಬೆರಳಾಡಿಸುತ್ತ ಹೋಗಿ, ಮೂರನೆಯದರ ಹತ್ತಿರ ನಿಂತು, ಅಂಗಿಯನ್ನು ಮಾಸ್ತರ ಎದೆಗೆ ತಳ್ಳಿದಳು.

"ನೋಡಿದ್ರಾ?" ಎಂದ ಇಸ್ತ್ರಿಯವನು. "ಮಾತು ಹೋಯ್ತೇ ಹೊರತು ಬೈಯೋದು ಹೋಗಿಲ್ಲ. ಈ ಗಲ್ಲೀಲಿ ಕಾಜಾ ಹಾಕೋರೆಲ್ಲ ಇವರ ಹತ್ರ ಪಾಸಾಗ್ಬೇಕು ಈಗ್ಲೂ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಇದೆಲ್ಲ ನಿಜವಾದರೆ ಆ ಸುಳ್ಳು ಗುರುತುಗಳೇಕೆ? ಪಟ್ಟಿಯ ಕಡೆ ಬೆರಳು ತೋರಿಸಿ ಕೇಳಿಯೇಬಿಟ್ಟೆ.

ಮಾಸ್ತರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. "ಸುಳ್ಳು ಹೇಗಾಗುತ್ತೆ ಸಿಸ್ಟರ್? ನಮ್ಮಲ್ಲಿ ಕತ್ತರಿಸಿದ ಬಟ್ಟೆ ಕಟ್ಟು ಕಟ್ಟಿ ಚೀಟಿ ಅಂಟಿಸಿಡ್ತೀವಿ. ಕಟ್ಟು ಎತ್ಕೊಳ್ಳೋನು ಎತ್ಕೊಳ್ಳೋವಾಗ್ಲೇ ಗುರುತು ಹಾಕ್ಬೇಕು. ಹಾಕಿದ ಅಂದ್ರೆ ಆ ಕೆಲಸ ಅವನದ್ದು, ಜ್ವರ ಬರ್ಲಿ, ಮನೇಲಿ ಮದುವೆ ಇರ್ಲಿ. ಕೈಲಾಗ್ದಿದ್ರೆ ಬೇರೆಯೋನ ಕೈಗೆ ದಾಟಿಸಿ, ಅವನು ಗುರುತು ಹಾಕಿದ್ಮೇಲೇ ಇವನಿಗೆ ಬಿಡುಗಡೆ. ಮುಗಿದ್ಮೇಲೆ ಗುರುತು ಯಾಕೆ? ಮುಗಿದಿದ್ದು ಕಣ್ಣಿಗೆ ಕಾಣುತ್ತಲ್ಲ."

ನಾನು ಎದ್ದು ಪಟ್ಟಿಯ ಹತ್ತಿರ ಹೋದೆ. ಕತ್ತರಿಯ ಚಿತ್ರ ಮಾಸ್ತರದ್ದು. ತ್ರಿಕೋನ ಇಸ್ತ್ರಿಯವನದ್ದು. ಹಾವಿನಂತೆ ಸುತ್ತಿದ ಗೆರೆ ಓವರ್‌ಲಾಕ್ ಅಕ್ಕನದ್ದು. ರಾತ್ರಿ ಹನ್ನೆರಡು ಮತ್ತು ಎರಡರ ಚೌಕಗಳಲ್ಲಿ ಬೀದಿ ಕಾಯುವವನ ಲಾಟೀನು, ಅವನ ಹೆಂಡತಿಯ ಬಳೆ. ಬೆಳಗಿನ ಜಾವ ನಾಲ್ಕಕ್ಕೆ, ಒಲೆ ಹೊತ್ತಿಸಲು ಏಳುವ ಬೇಕರಿಯವರ ಬ್ರೆಡ್ಡು, ಅದೂ ಎರಡು. ಒಂದೊಂದು ಚೌಕದಲ್ಲೂ ಇಬ್ಬಿಬ್ಬರು. ಶನಿವಾರದ ಒಂದು ಕಡೆ ತ್ರಿಕೋನಕ್ಕೆ ಗೀಟು ಹಾಕಿ ಪಕ್ಕದಲ್ಲಿ ಕತ್ತರಿ ಬರೆದಿತ್ತು.

"ಶನಿವಾರ ನನ್ನ ತಂಗಿ ಮಗೂನ ಆಸ್ಪತ್ರೆಗೆ ತೋರಿಸ್ಬೇಕು" ಎಂದ ಇಸ್ತ್ರಿಯವನು, ಏನೋ ಅಪರಾಧ ಮಾಡಿದವನಂತೆ. "ಅದಕ್ಕೆ ಮಾಸ್ತರಿಗೆ ದಾಟಿಸಿದೆ."

ಆರು ವಾರಕ್ಕೆ ಐನೂರ ನಾಲ್ಕು ಸಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಕಲಿತ ಪಟ್ಟಿಯಲ್ಲಿ ಗುರುತೆಂದರೆ ನಡೆದುಹೋದ ಕೆಲಸ. ಇವರಿಗೆ ಗುರುತೆಂದರೆ ಕೊಟ್ಟ ಮಾತು. ಗೋಡೆಯ ಮೇಲಿನ ಹಾಳೆಯಲ್ಲಿ ಭಾನುವಾರ ರಾತ್ರಿಯವರೆಗೂ ಆ ಮುದುಕಿಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ದೇವಲೋಕದ ದಾದಿಯರು ಬಂದರೂ ಇಷ್ಟು ಮಾಡಲಾರರು ಎನಿಸಿತು, ಈಗಲೂ ಹಾಗೇ ಅನಿಸುತ್ತದೆ.

ಅದರ ಬೆನ್ನಿಗೇ ನೆನಪಾಯಿತು. ಗಾಡಿ!

ಡಾಕ್ಟರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಆಫೀಸಿಗೆ ಮಾಡಿದರೆ ಹೊರಟು ಆಯಿತು ಎಂದರು. ಮತ್ತೆ ಮತ್ತೆ ಮಾಡಿದೆ. ಗಲ್ಲಿಯವರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ನನ್ನನ್ನು ಬೈಯುವವರು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ, ಓವರ್‌ಲಾಕ್ ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು.

ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗ ಗಾಡಿ ಬಂತು. ಡಾಕ್ಟರು ಒಳಗೆ ಬಂದರು, ಹಿಂದೆ ಸ್ಟ್ರೆಚರ್ ಹಿಡಿದ ಡ್ರೈವರು. ಅಜ್ಜಿ ಸ್ಟ್ರೆಚರ್ ನೋಡಿದಳು. ಸರಳು ಹಿಡಿದಿದ್ದ ಬೆರಳುಗಳ ಗೆಣ್ಣು ಬೆಳ್ಳಗಾದವು.

"ಸರ್, ತಪ್ಪು ನನ್ನದು" ಎಂದೆ. ಎಲ್ಲರ ಎದುರಿಗೇ ಹೇಳಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಈ ಮಾತು ಹೇಳಿದ್ದು ಅದೇ ಮೊದಲು. ಕಟ್ಟಿನ ಚೀಟಿ, ಗುರುತು, ದಿಂಬು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಡಾಕ್ಟರು ಬ್ಯಾಂಡೇಜು ಬಿಚ್ಚಿಸಿ ಹುಣ್ಣು ನೋಡಿದರು. ತುಂಬ ಹೊತ್ತು ನೋಡಿ ಮತ್ತೆ ಕಟ್ಟಿಸಿದರು.

ಅವರು ಒಳ್ಳೆಯ ಮನುಷ್ಯ, ಆದರೆ ಸುಸ್ತಾದ ಮನುಷ್ಯ. ನನ್ನನ್ನು ಕಿಟಕಿಯ ಬಳಿ ಕರೆದು ಮೆಲ್ಲಗೆ ಹೇಳಿದರು. "ಸಿಸ್ಟರ್, ಇದು ಅದ್ಭುತ, ನಾನು ಒಪ್ತೀನಿ. ಆದರೆ ಹುಣ್ಣು ಮುಚ್ಚಿದ್ರೆ ಮುಗೀಲಿಲ್ಲ. ಈಕೆ ಎದ್ದು ಓಡಾಡೋದಿಲ್ಲ, ಇರೋವರೆಗೂ ಹೀಗೇ ಹೊರಳಿಸ್ತಾ ಇರ್ಬೇಕು. ಇವರೆಲ್ಲ ದುಡಿದು ತಿನ್ನೋ ಜನ. ಆರು ವಾರ ಮಾಡಿದ್ರು, ಆರು ತಿಂಗಳಾದ್ಮೇಲೆ? ಇವತ್ತು ಒಂದು ಹಾಸಿಗೆ ಇದೆ. ನಾಳೆ ಅದು ಬೇರೆಯವರಿಗೆ ಹೋಗುತ್ತೆ. ಇವರು ಕೈಬಿಟ್ಟ ದಿನ ನನ್ನ ಹತ್ರ ಹಾಸಿಗೆ ಇರಲ್ಲ. ಹೇಳಿ, ಏನ್ ಮಾಡ್ಲಿ?"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಸರ್, ಸ್ವಲ್ಪ ಆ ಕಡೆ ಸರೀತೀರಾ?"

ತಿರುಗಿ ನೋಡಿದರೆ ಓವರ್‌ಲಾಕ್ ಅಕ್ಕ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮೊಣಕೈಯವರೆಗೆ ತೊಳೆದುಕೊಂಡು ಬಂದಿದ್ದಳು. ಜೊತೆಗೆ ಇಸ್ತ್ರಿಯವನು.

"ಯಾಕಮ್ಮ?" ಎಂದರು ಡಾಕ್ಟರು.

"ನಾಲ್ಕು ಗಂಟೆ ಆಯ್ತು ಸರ್."

ಡಾಕ್ಟರು ಸರಿದರು. ನಾನು ಗೋಡೆಗಂಟಿ ನಿಂತೆ. ಡ್ರೈವರು ಸ್ಟ್ರೆಚರನ್ನು ನೆಟ್ಟಗೆ ನಿಲ್ಲಿಸಿಕೊಂಡು ಮೂಲೆ ಸೇರಿದ. ಇನ್ನು ಹತ್ತು ನಿಮಿಷಕ್ಕೆ ಗಾಡಿ ಹತ್ತಿಸಬಹುದಾದ ಅಜ್ಜಿಯನ್ನು ಅವರಿಬ್ಬರೂ ಒಂದು, ಎರಡು ಎಂದು ಎತ್ತಿ ಹೊರಳಿಸಿದರು. ಅಕ್ಕ ದಿಂಬು ಕೂರಿಸಿದಳು, ಹಿಮ್ಮಡಿಯ ಪ್ಯಾಡು ಸರಿ ಮಾಡಿದಳು, ಕೂದಲು ಕಿವಿಯ ಕೆಳಗೆ ಸಿಕ್ಕದಂತೆ ಹಿಂದಕ್ಕೆ ತಳ್ಳಿದಳು. ಇಸ್ತ್ರಿಯವನ ಮುಂಗೈ ಹಾಸಿಗೆಯ ಈ ತುದಿಯಿಂದ ಆ ತುದಿಯವರೆಗೆ ಹೋಯಿತು.

ಡಾಕ್ಟರು ಅಕ್ಕನ ಕಡೆ ತಿರುಗಿದರು. "ಎಲ್ಲಾ ಸರಿಯಮ್ಮ. ಆದರೆ ಯೋಚನೆ ಮಾಡಿದ್ದೀರಾ? ನೋಡಿ, ಈಕೆ ಹೃದಯ ಗಟ್ಟಿ ಇದೆ, ಬೇರೆ ಕಾಯಿಲೆ ಇಲ್ಲ. ಹೀಗೇ ನೋಡ್ಕೊಂಡ್ರೆ ಇನ್ನೂ ಹತ್ತು ವರ್ಷ ಬದುಕಬಹುದು. ಹತ್ತು ವರ್ಷ! ಆಗ?"

ಅಕ್ಕ ದಿಂಬು ಬಿಟ್ಟು ನೆಟ್ಟಗೆ ನಿಂತಳು. ಅವಳ ಬಾಯಿ ಅರೆ ತೆರೆದಿತ್ತು.

"ಹತ್ತು ವರ್ಷನಾ? ನಿಜವಾಗ್ಲೂ ಸರ್?"

ಉತ್ತರಕ್ಕೂ ಕಾಯದೆ ಬಾಗಿಲಿಗೆ ಓಡಿ, ಗಲ್ಲಿಯ ಆ ಕೊನೆಗೂ ಕೇಳುವಂತೆ ಕೂಗಿದಳು. "ಮಾಸ್ತರೇ! ಕೇಳಿಸ್ತಾ? ಅಜ್ಜಿ ಇನ್ನೂ ಹತ್ತು ವರ್ಷ ಇರ್ತಾರಂತೆ! ಡಾಕ್ಟ್ರೇ ಹೇಳಿದ್ರು!"

ಹೊರಗೆ ಹೋ ಎಂದು ಸದ್ದೆದ್ದಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆ ಹಾಕಿದರು. ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತರು, ಒರೆಸಿದ್ದನ್ನೇ ಒರೆಸಿದರು. ಆಮೇಲೆ ಡ್ರೈವರನ ಕಡೆ ತಿರುಗಿ, ಆ ಹಾಸಿಗೆಗೆ ಕಾಯುತ್ತಿರುವ ಮುಂದಿನವರ ಮನೆಗೆ ಗಾಡಿ ತಿರುಗಿಸಲು ಹೇಳಿದರು.